ಆ ಟ್ಯಾಕ್ಸಿ ಮೀಟರಿಗೆ ಸೀಲು ಒತ್ತಿದವರಿಗೆ

ಮಾನ್ಯ ಮೀಟರು ಪರಿಶೀಲನಾಧಿಕಾರಿಗಳೇ,

ನಿಮ್ಮ ವಿಮಾನ ನಿಲ್ದಾಣದ ಅಧಿಕೃತ ಟ್ಯಾಕ್ಸಿ ಸಾಲಿನಲ್ಲಿ ಎಲ್ಲಕ್ಕಿಂತ ಮುಂದೆ ನಿಂತಿದ್ದ ಬಿಳಿ ಕಾರಿನ ಮೀಟರು ಸುಳ್ಳು ಹೇಳಿತು. ಸುಳ್ಳು ಹೇಳುವ ಮೀಟರು ಲೋಕದಲ್ಲಿ ಹೊಸದೇನಲ್ಲ. ಆದರೆ ಇದಕ್ಕೆ ನಿಮ್ಮ ಕಚೇರಿಯ ಸೀಲು ಇತ್ತು, ಸೀಲಿನ ಸೀಸದ ಬಿಲ್ಲೆಯ ಮೇಲೆ ನಿಮ್ಮ ಇಕ್ಕಳ ಒತ್ತಿದ ಗುರುತಿತ್ತು, ಆ ಗುರುತನ್ನು ನಂಬಿ ಎಂದು ನಿಮ್ಮದೇ ಕರಪತ್ರ ಹೇಳಿತ್ತು. ನಾವು ನಂಬಿದೆವು. ಹನ್ನೊಂದು ವರ್ಷದಿಂದ ಮುಖ ನೋಡದ ತಂಗಿಯ ಜೊತೆ ಕಳೆಯಲು ನನ್ನ ಹೆಂಡತಿಗೆ ಸಿಕ್ಕಿದ್ದದ್ದು ಮೂರೇ ಮೂರು ಗಂಟೆ. ಅವು ಆ ನಂಬಿಕೆಯಲ್ಲಿ ಹಾಳಾದವು. ನನ್ನ ದೂರು ಇಷ್ಟೇ, ಉಳಿದದ್ದು ವಿವರ.

ಇದು ನಿಮಗೆ ನಾನು ಬರೆಯುತ್ತಿರುವ ಮೂರನೆಯ ಪತ್ರ. ಮೊದಲೆರಡನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಇಂಗ್ಲಿಷಿನಲ್ಲಿ ಬರೆದಿದ್ದೆ. ಮೊದಲನೆಯದಕ್ಕೆ ನಿಮ್ಮ ಕಂಪ್ಯೂಟರು ಧನ್ಯವಾದ ಹೇಳಿತು. ಎರಡನೆಯದಕ್ಕೆ ಒಂದೂವರೆ ತಿಂಗಳ ನಂತರ ಒಂದು ಸಾಲಿನ ಉತ್ತರ ಬಂತು: ಸದರಿ ವಾಹನದ ಮೀಟರಿನ ಸೀಲು ಸುಸ್ಥಿತಿಯಲ್ಲಿರುವುದು ಕಂಡುಬಂದಿರುವುದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ. ಎಂಥ ಅಚ್ಚುಕಟ್ಟಾದ ವಾಕ್ಯ! ಅದನ್ನು ಬರೆದ ಗುಮಾಸ್ತರ ಬೆನ್ನು ತಟ್ಟಬೇಕು ಅನ್ನಿಸಿತು. ಸೀಲು ಸರಿಯಿಲ್ಲ ಎಂದು ನಾನೆಲ್ಲಿ ಬರೆದಿದ್ದೆ ಸ್ವಾಮಿ? ಮೀಟರು ಸರಿಯಿಲ್ಲ ಎಂದಲ್ಲವೇ ಬರೆದದ್ದು? ಹಾಗಾಗಿ ಈ ಸಲ ನನ್ನ ಮನೆಮಾತಿನಲ್ಲೇ, ಪತ್ರಿಕೆಯಲ್ಲಿ, ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ. ಭಾಷಾಂತರಕ್ಕೆ ನಿಮ್ಮ ಕಚೇರಿಯಲ್ಲಿ ಅನುದಾನ ಇದ್ದೇ ಇರುತ್ತದೆ. ಇಲ್ಲವಾದರೆ ನಿಮ್ಮ ಊರಿಗೆ ಪೆಟ್ಟಿಗೆ ಹೊತ್ತು ಬರಲಿರುವ ನಮ್ಮ ಕಡೆಯ ಜನವಾದರೂ ಇದನ್ನು ಓದಿಕೊಳ್ಳಲಿ.

ನಾನು ಯಾರು ಎಂದು ಹೇಳಿದರೆ ನಿಮಗೆ ಸ್ವಲ್ಪ ನಗು ಬರಬಹುದು. ನಾನು ನಿಮ್ಮವನೇ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು. ತಕ್ಕಡಿಗಳಿಗೆ, ಪೆಟ್ರೋಲ್ ಬಂಕುಗಳಿಗೆ, ಟ್ಯಾಕ್ಸಿ ಆಟೋಗಳ ಮೀಟರುಗಳಿಗೆ ಸೀಲು ಒತ್ತಿ ಒತ್ತಿ ನನ್ನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಇಂದಿಗೂ ಒಂದು ಗಂಟು ಉಳಿದಿದೆ. ನಮ್ಮೂರಿನ ಡ್ರೈವರುಗಳು ಬೆನ್ನ ಹಿಂದೆ ನನ್ನನ್ನು ಸೀಸದ ಸಾಹೇಬ ಅನ್ನುತ್ತಿದ್ದರು. ನಾನು ಕೇಳಿಸದವನ ಹಾಗೆ ಇರುತ್ತಿದ್ದೆ, ಒಳಗೊಳಗೇ ಖುಷಿಪಡುತ್ತಿದ್ದೆ. ನನ್ನ ಹೆಂಡತಿ ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಎರಡು ಮಿಷನ್ನು ಇಟ್ಟುಕೊಂಡು ಮೂವತ್ತು ವರ್ಷದಿಂದ ಹೊಲಿಯುತ್ತಿದ್ದಾಳೆ. ಗಿರಾಕಿ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಭುಜದ ಅಗಲ, ತೋಳಿನ ಉದ್ದ ಎರಡೂ ಅವಳ ತಲೆಯಲ್ಲಿ ಕೂತಿರುತ್ತವೆ. ಟೇಪು ಹಿಡಿಯುವುದು ಗಿರಾಕಿಯ ಸಮಾಧಾನಕ್ಕೆ. ಅಳತೆಯ ವಿಷಯದಲ್ಲಿ ನಮ್ಮ ಮನೆಯಲ್ಲಿ ಮೊದಲಿಂದಲೂ ಇಬ್ಬರು ತಜ್ಞರಿದ್ದರು. ಆದರೆ ಸರ್ಕಾರಿ ಸಂಬಳ ಬರುತ್ತಿದ್ದದ್ದು ನನಗೊಬ್ಬನಿಗೇ ಆದ್ದರಿಂದ ಕೊನೆಯ ಮಾತು ನನ್ನದಾಗಿರುತ್ತಿತ್ತು.

ಅವಳ ತಂಗಿ ನಿಮ್ಮ ಊರಿನಲ್ಲಿದ್ದಾಳೆ. ದೊಡ್ಡ ಮನೆಯೊಂದರಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬರನ್ನು ನೋಡಿಕೊಳ್ಳುವ ಕೆಲಸ. ಹೋಗಿ ಹನ್ನೊಂದು ವರ್ಷವಾಗಿತ್ತು, ಒಮ್ಮೆಯೂ ಊರಿಗೆ ಬಂದಿರಲಿಲ್ಲ. ಪಾಸ್‌ಪೋರ್ಟು ಆ ಮನೆಯವರ ಬೀರುವಿನಲ್ಲಿ, ರಜೆ ಮನೆಯವರ ಬಾಯಲ್ಲಿ. ತಾಯಿ ತೀರಿಕೊಂಡಾಗ ಆ ಹುಡುಗಿಗೆ ಏಳು ವರ್ಷ, ನನ್ನ ಹೆಂಡತಿಗೆ ಹತ್ತೊಂಬತ್ತು. ತಲೆ ಬಾಚಿ, ಅಂಗಿ ಹೊಲಿದು, ಶಾಲೆಗೆ ಕಳಿಸಿ, ಮದುವೆಯಾಗಿ ಬರುವಾಗ ಕೈಹಿಡಿದು ನನ್ನ ಮನೆಗೂ ಕರೆದುಕೊಂಡೇ ಬಂದವಳು ಇವಳು. ಇಂಥವರನ್ನು ಅಕ್ಕತಂಗಿ ಎಂದು ಅರ್ಜಿ ನಮೂನೆಯಲ್ಲಿ ಬರೆಯಬಹುದು, ಆದರೆ ನಮ್ಮ ಮನೆಯಲ್ಲಿ ಅದು ತಾಯಿ ಮಗಳ ಲೆಕ್ಕ.

ಹೋದ ವರ್ಷ ನಮ್ಮ ನಿವೃತ್ತರ ಸಂಘದವರು ಒಂದು ವಿದೇಶ ಪ್ರವಾಸ ಗೊತ್ತುಮಾಡಿದರು. ವಿಮಾನ ಬದಲಿಸಲು ನಿಮ್ಮ ನಿಲ್ದಾಣದಲ್ಲಿ ಒಂಬತ್ತೂವರೆ ಗಂಟೆ ತಂಗಬೇಕಿತ್ತು. ಮಿಕ್ಕವರೆಲ್ಲ ಅದಕ್ಕೆ ಗೊಣಗಿದರು. ನನ್ನ ಹೆಂಡತಿ ಮಾತ್ರ ಆ ಸಾಲನ್ನು ಎರಡು ಸಲ ಓದಿಸಿಕೊಂಡು, "ಹಾಗಾದ್ರೆ ನಾನೂ ಬರ್ತೀನಿ" ಅಂದಳು. ಪ್ರವಾಸ ನನಗೆ, ಆ ಒಂಬತ್ತೂವರೆ ಗಂಟೆ ಅವಳಿಗೆ. ತಂಗಿಗೆ ಭಾನುವಾರ ಹನ್ನೊಂದರಿಂದ ಎರಡರವರೆಗೆ ಬಿಡುವು ಕೊಡಲು ಮನೆಯವರು ಒಪ್ಪಿದರು. ದೂರ ಹೋಗುವಂತಿಲ್ಲ, ಮನೆಯ ಎದುರಿನ ಬಸ್ ತಂಗುದಾಣದಲ್ಲಿ ಕೂತು ಮಾತಾಡಬಹುದು. ನನ್ನ ಹೆಂಡತಿ ತಂಗಿಗೆಂದು ಎರಡು ಅಂಗಿ ಕತ್ತರಿಸಿ, ಕಚ್ಚಾ ಹೊಲಿಗೆ ಮಾತ್ರ ಹಾಕಿ ಪೆಟ್ಟಿಗೆಯಲ್ಲಿಟ್ಟುಕೊಂಡಳು. "ಪೂರ್ತಿ ಹೊಲ್ಕೊಂಡು ಹೋಗಬಾರ್ದಾ?" ಅಂದೆ. "ಹನ್ನೊಂದು ವರ್ಷ ಆಯ್ತು ರೀ. ಅವಳು ಈಗ ಹೇಗಿದ್ದಾಳೆ ಅಂತ ನನಗೇನು ಗೊತ್ತು? ಹಾಕಿಸಿ ನೋಡಿ, ಅಲ್ಲೇ ಕೂತು ಮುಗಿಸ್ತೀನಿ" ಅಂದಳು. ಕಣ್ಣಳತೆಯ ಬಗ್ಗೆ ಅವಳು ಅನುಮಾನ ತೋರಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಈಗ ನನ್ನ ಜಾಣತನದ ಕಥೆ ಕೇಳಿ. ಪರದೇಶದ ವಿಮಾನ ನಿಲ್ದಾಣಗಳಲ್ಲಿ ಹೊಸಬರಿಗೆ ಹೇಗೆಲ್ಲ ಟೋಪಿ ಹಾಕುತ್ತಾರೆ ಎಂಬುದನ್ನು ನಾನು ಎರಡು ತಿಂಗಳು ಕೂತು ಓದಿದ್ದೆ. ಹೊರಡುವ ಹಿಂದಿನ ವಾರ ಸಂಘದಲ್ಲಿ ಈ ಬಗ್ಗೆ ಮುಕ್ಕಾಲು ಗಂಟೆ ಭಾಷಣವನ್ನೂ ಬಿಗಿದಿದ್ದೆ. ಇಳಿದ ಮೇಲೆ ಆ ಟೋಪಿ ಹಾಕುವವರು ಒಬ್ಬೊಬ್ಬರಾಗಿ ಬಂದರು, ನಾನು ಕಾದಿದ್ದವನ ಹಾಗೆ ಒಬ್ಬೊಬ್ಬರನ್ನೇ ಸಾಗಹಾಕಿದೆ. ನಗುನಗುತ್ತಾ ಬಂದು ನಮ್ಮ ಪೆಟ್ಟಿಗೆಗಳ ತಳ್ಳುಗಾಡಿಗೆ ಕೈಹಚ್ಚಿದ ಸಮವಸ್ತ್ರದವನಿಗೆ, ಅದು ವಿಮಾನ ನಿಲ್ದಾಣದ ಸಮವಸ್ತ್ರವಲ್ಲ ಎಂದು ತಿಳಿಸಿದೆ. ನೋಟು ಬದಲಿಸುವ ಗಾಜಿನ ಗೂಡಿನವಳು "ಕಮಿಷನ್ ಇಲ್ಲ" ಎಂಬ ಬೋರ್ಡಿನ ಕೆಳಗೆ ಎಂಥ ದರ ಹಾಕಿದ್ದಾಳೆಂದು ಹೆಂಡತಿಗೆ ತೋರಿಸಿ ಮುಂದೆ ನಡೆದೆ. ಫೋನಿಗೆ ಸಿಮ್ ಕಾರ್ಡು ಮಾರುವವನು ಹೊರಗಿನ ಬೆಲೆಯ ನಾಲ್ಕರಷ್ಟು ಕೇಳಿದ. ಅವನಿಗೆ ಕೈಮುಗಿದೆ. "ತಂಗಿಗೆ ಒಂದು ಫೋನ್ ಮಾಡೋಕಾದ್ರೂ ಬೇಕಾಗುತ್ತೆ, ತಗೊಳ್ಳಿ" ಅಂದಳು ಹೆಂಡತಿ. "ಹೊರಗೆ ತಗೊಳ್ಳೋಣ. ಇಲ್ಲಿ ತಗೊಳ್ಳೋನು ಮೂರ್ಖ" ಅಂದೆ. ಬಾಗಿಲ ಬಳಿ ಒಬ್ಬ ಓಡಿಬಂದು ಇವತ್ತು ಟ್ಯಾಕ್ಸಿಯವರ ಮುಷ್ಕರ, ತನ್ನ ಸ್ವಂತ ಕಾರಿದೆ ಅಂದ. ಅವನ ಬೆನ್ನ ಹಿಂದೆಯೇ ಟ್ಯಾಕ್ಸಿಗಳ ಸಾಲು ಕಾಣುತ್ತಿತ್ತು. ನಾನು ಬೆರಳು ಮಾಡಿ ತೋರಿಸಿದಾಗ ಅವನೇ ಹಲ್ಲು ಕಿಸಿದ. ಮೀಸೆಯಿದ್ದಿದ್ದರೆ ಅವತ್ತು ತಿರುವುತ್ತಿದ್ದೆ.

ಬಾಗಿಲ ಪಕ್ಕದ ಗೂಡಿನಲ್ಲಿ ನಿಮ್ಮ ಕರಪತ್ರವಿತ್ತು. ಪ್ರಯಾಣಿಕರಿಗೆ ಏಳು ಸೂಚನೆಗಳು, ಐದು ಭಾಷೆಗಳಲ್ಲಿ, ನುಣುಪು ಕಾಗದದ ಮೇಲೆ. ಮೋಸಹೋಗದಿರಿ, ಅಧಿಕೃತ ಸಾಲಿನಲ್ಲಷ್ಟೇ ಟ್ಯಾಕ್ಸಿ ಹಿಡಿಯಿರಿ ಇತ್ಯಾದಿ. ಐದನೆಯ ಸೂಚನೆ ಹೀಗಿತ್ತು: ಮೀಟರಿನ ಸೀಲನ್ನು ಗಮನಿಸಿ, ಸೀಲು ಅಖಂಡವಾಗಿದ್ದಲ್ಲಿ ಮೀಟರು ತೋರಿಸುವ ದರವೇ ನಿಜವಾದ ದರ. ಕೆಳಗೆ ನಿಮ್ಮ ಪದನಾಮ. ಅದನ್ನು ಓದಿ ನನಗೆ ಎದೆಯುಬ್ಬಿತು ಸ್ವಾಮಿ. ಸಾವಿರಾರು ಮೈಲಿ ದೂರದಲ್ಲಿ, ನನ್ನ ಭಾಷೆ ಬಾರದ ಒಬ್ಬ ಅಧಿಕಾರಿ ನಾನು ಮೂವತ್ತೊಂದು ವರ್ಷ ಜನರಿಗೆ ಹೇಳಿದ್ದನ್ನೇ ಹೇಳುತ್ತಿದ್ದಾನೆ. ಕಾರು ಹತ್ತಿದ ಕೂಡಲೇ ಮುಂದೆ ಬಗ್ಗಿ ನೋಡಿದೆ. ಮೀಟರಿನ ಪಕ್ಕದಲ್ಲಿ ತಂತಿ, ತಂತಿಯ ತುದಿಯಲ್ಲಿ ಸೀಸದ ಬಿಲ್ಲೆ, ಬಿಲ್ಲೆಯ ಮೇಲೆ ಅದೇ ವರ್ಷದ ಗುರುತು. ಹಿಂದಕ್ಕೆ ಒರಗಿ ಕೂತೆ. ಆಗ ಹತ್ತು ಗಂಟೆ ಇಪ್ಪತ್ತು ನಿಮಿಷ. ದಾರಿ ನಲವತ್ತು ನಿಮಿಷದ್ದು ಎಂದು ತಂಗಿ ಬರೆದಿದ್ದಳು.

ಮೊದಲ ಸಿಗ್ನಲ್ಲಿನಲ್ಲಿ ಕಾರು ನಿಂತಿತು. "ರೀ, ಕಾರು ನಿಂತಿದೆ, ನಂಬರು ಓಡ್ತಾ ಇದೆ" ಅಂದಳು ಹೆಂಡತಿ. ಅದು ಕಾಯುವ ದರ, ನಿಂತರೂ ಏರುತ್ತದೆ ಎಂದು ವಿವರಿಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ, "ಕಾಯೋ ದರ ಆದ್ರೆ ಒಂದೇ ಸಮ ಏರಬೇಕಲ್ವಾ? ಇದು ಎರಡು ಸಲ ಒಟ್ಟೊಟ್ಟಿಗೆ ಹಾರಿತು" ಅಂದಳು. ನಾನು ತುಸು ಗತ್ತಿನಿಂದ, "ಸೀಲ್ ಇದೆ ಕಣೇ. ಸೀಲ್ ಇದ್ದ ಮೇಲೆ ಮುಗೀತು" ಅಂದೆ. ಅರ್ಧ ಗಂಟೆ ಕಳೆದಿತ್ತು. ಕೆಂಪು ಪಟ್ಟೆ ಬಳಿದ ಒಂದು ನೀರಿನ ಟ್ಯಾಂಕು ಎಡಗಡೆ ಬಂತು. "ಇದನ್ನ ಆಗಲೇ ನೋಡಿದ್ವಿ. ಆಗ ಬಲಗಡೆ ಇತ್ತು" ಅಂದಳು. ದೊಡ್ಡ ಊರುಗಳಲ್ಲಿ ಒಂದೇ ಥರದ ಟ್ಯಾಂಕುಗಳು ಹತ್ತಾರು ಇರುತ್ತವೆ, ಜೊತೆಗೆ ಏಕಮುಖ ರಸ್ತೆಗಳು ಇರುತ್ತವೆ ಎಂದೆ. ಅವಳು ಸುಮ್ಮನಾಗಲಿಲ್ಲ. "ನಾನು ಅಳತೆ ತಪ್ಪೋದಿಲ್ಲ. ಇವನು ನಮ್ಮನ್ನ ಸುತ್ತಿಸ್ತಾ ಇದ್ದಾನೆ, ಕೇಳಿ." ನಾನು ಏನು ಹೇಳಿದೆ ಗೊತ್ತೇ? "ನನ್ನ ಕೆಲಸ ನನಗೆ ಹೇಳಿಕೊಡಬೇಡ. ಸುಮ್ನೆ ಕೂತ್ಕೋ." ಅವಳು ಕಿಟಕಿಯ ಕಡೆ ತಿರುಗಿದಳು. ಡ್ರೈವರಿಗೆ ನಮ್ಮ ಮಾತು ಅರ್ಥವಾಗದಿದ್ದರೂ ಕನ್ನಡಿಯಲ್ಲಿ ನಮ್ಮಿಬ್ಬರ ಮುಖ ಕಾಣುತ್ತಿತ್ತು. ಹಾಡು ಸ್ವಲ್ಪ ಜೋರು ಮಾಡಿದ.

ಹನ್ನೆರಡಕ್ಕೆ ಹತ್ತು ನಿಮಿಷ ಇದ್ದಾಗ ಒಂದು ಅಗಲವಾದ ಬೀದಿಯ ಬದಿಗೆ ಕಾರು ನಿಲ್ಲಿಸಿ, ಮುಂದೆ ಕಾರು ಹೋಗುವುದಿಲ್ಲ, ಇಲ್ಲಿಂದ ನಡೆದರೆ ಕಾಲು ಗಂಟೆ, ಇಳಿಯಿರಿ ಅಂದ. ಮೀಟರು ನೋಡಿದೆ. ತಂಗಿ ಬರೆದಿದ್ದ ಬಾಡಿಗೆಯ ಮೂರರಷ್ಟಿತ್ತು. ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ, ಅವನ ಹರಕು ಇಂಗ್ಲಿಷಿನಲ್ಲಿ ಅವನು ಸೀಲಿನ ಮೇಲೆ ಬೆರಳಿಟ್ಟು ಹೇಳಿದ: "ನೋಡಿ ಸಾರ್, ಸೀಲು. ಸರ್ಕಾರದ್ದು." ನಾನು ಹೆಂಡತಿಗೆ ಹೇಳಿದ ಮಾತನ್ನೇ ಅವನು ನನಗೆ ಹೇಳಿದ್ದು. ಕೊಡುವುದಿಲ್ಲ ಅಂದೆ. ಅವನು ಡಿಕ್ಕಿಯ ಬೀಗ ತೆಗೆಯಲಿಲ್ಲ. ಪೆಟ್ಟಿಗೆಗಳು ಒಳಗೆ, ನಾವು ಹೊರಗೆ.

ಆ ಹೊತ್ತಿನಲ್ಲಿ ಬುದ್ಧಿಯಿದ್ದ ಯಾವ ಮನುಷ್ಯನಾದರೂ ಏನು ಮಾಡುತ್ತಿದ್ದ ಹೇಳಿ? ಅವನ ಮುಖಕ್ಕೆ ನೋಟು ಬಿಸಾಕಿ, ಪೆಟ್ಟಿಗೆ ಎತ್ತಿಕೊಂಡು, ಹೆಂಡತಿಯನ್ನು ಕರೆದುಕೊಂಡು ಓಡುತ್ತಿದ್ದ. ಕಾಲು ಗಂಟೆಯ ದಾರಿ, ಮುಂದೆ ಸುಮಾರು ಎರಡು ಗಂಟೆ ಇತ್ತು. ಹೆಂಡತಿ ಅದನ್ನೇ ಹೇಳಿದಳು: "ಕೊಟ್ಟುಬಿಡಿ, ಹೋಗಲಿ. ಅವಳು ಹನ್ನೊಂದರಿಂದ ಕಾಯ್ತಾ ಇದ್ದಾಳೆ." ನಾನು ಐದು ನಿಮಿಷ ಅಂದೆ. ಇದು ದುಡ್ಡಿನ ಪ್ರಶ್ನೆಯಲ್ಲ ಎಂದೂ ಅಂದೆ. ದುಡ್ಡಿನ ಪ್ರಶ್ನೆಯಲ್ಲದಿದ್ದರೆ ಮತ್ತ್ಯಾವುದರ ಪ್ರಶ್ನೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ನನ್ನ ಬಳಿ ಉತ್ತರ ಇರುತ್ತಿತ್ತು, ಅದೇ ನನ್ನ ರೋಗ. ದೂರದ ವೃತ್ತದಲ್ಲಿ ನಿಂತಿದ್ದ ಟ್ರಾಫಿಕ್ ಪೊಲೀಸನನ್ನು ಕೂಗಿ ಕರೆದೆ. ಅವನು ಬಂದ, ಕೇಳಿಸಿಕೊಂಡ, ಮೂವರನ್ನೂ ಅದೇ ಕಾರಿನಲ್ಲಿ ಕೂರಿಸಿ ಬೀದಿಯ ಕೊನೆಯಲ್ಲಿದ್ದ ಪೊಲೀಸ್ ಚೌಕಿಗೆ ಕರೆದೊಯ್ದ. ಒಂದು ಮೇಜು, ಎರಡು ಕುರ್ಚಿ, ಗೋಡೆಗೆ ಒತ್ತಿದ ಒಂದು ಬೆಂಚು. ಹೆಂಡತಿ ಬೆಂಚಿನ ತುದಿಯಲ್ಲಿ ಕೂತು ಗೋಡೆಯ ಗಡಿಯಾರ ನೋಡತೊಡಗಿದಳು. ದೂರಿನ ನಮೂನೆ ಮುಗಿದುಹೋಗಿತ್ತು, ತರಲು ಯಾರೋ ಹೋದರು. ತಂಗಿಗೆ ಫೋನಿನಲ್ಲಾದರೂ ತಿಳಿಸೋಣವೆಂದರೆ ನನ್ನ ಫೋನಿನಲ್ಲಿ ಸಿಮ್ ಎಲ್ಲಿದೆ? ಪೊಲೀಸನ ಫೋನು ಕೇಳಿ ಹಚ್ಚಿದ್ದಾಯಿತು. ಬಿಡುವಿನ ಹೊತ್ತಿನಲ್ಲಿ ಅವಳ ಫೋನು ಮನೆಯೊಳಗೇ ಇರುತ್ತದೆಂದು ಆಮೇಲೆ ತಿಳಿಯಿತು. ಯಾರೂ ಎತ್ತಲಿಲ್ಲ.

ನಮೂನೆ ಬಂತು. ತುಂಬಿದೆ. ಪೊಲೀಸನು ಕಾರಿಗೆ ಹೋಗಿ ಮೀಟರು ನೋಡಿ ಬಂದು, "ಸೀಲ್ ಇದೆಯಲ್ಲ, ಇನ್ನೇನು ತೊಂದರೆ?" ಅಂದ. ಆಗ ನಾನೇ ಹೋಗಿ ಮುಂದಿನ ಸೀಟಿನಲ್ಲಿ ಕೂತು, ಕನ್ನಡಕ ಏರಿಸಿ, ಸರಿಯಾಗಿ ನೋಡಿದೆ. ಅಷ್ಟು ಹೊತ್ತೂ ನಾನು ನೋಡಿದ್ದು ಬಿಲ್ಲೆಯನ್ನು, ತಂತಿಯನ್ನು ಅಲ್ಲ. ಓದುಗರಿಗಾಗಿ ಒಂದು ಮಾತು: ಚಕ್ರ ಎಷ್ಟು ತಿರುಗಿತು ಎಂದು ಮೀಟರಿಗೆ ತಿಳಿಸುವ ಒಂದು ಕೇಬಲ್ ಇರುತ್ತದೆ. ಅದರ ಪ್ಲಗ್ಗನ್ನು ಯಾರೂ ಕೀಳದ ಹಾಗೆ ಪ್ಲಗ್ಗಿಗೂ ಮೀಟರಿನ ಡಬ್ಬಿಗೂ ಸೇರಿಸಿ ತಂತಿ ಪೋಣಿಸಿ, ಬಿಗಿಯಾಗಿ ಎಳೆದು, ತುದಿಗೆ ಸೀಸ ಒತ್ತುತ್ತಾರೆ. ಕೆಲಸವೆಲ್ಲ ಆ ಎಳೆತದಲ್ಲಿದೆ. ನಿಮ್ಮ ತಂತಿಯ ಕುಣಿಕೆಯಲ್ಲಿ ನನ್ನ ಕಿರುಬೆರಳು ಸಲೀಸಾಗಿ ತೂರಿತು. ಸೀಲು ಮುರಿಯದೆಯೇ ಪ್ಲಗ್ಗನ್ನು ಹೊರಗೆಳೆದೆ. ಪ್ಲಗ್ಗಿಗೂ ಮೀಟರಿಗೂ ನಡುವೆ ಬೆಂಕಿಪೊಟ್ಟಣದಷ್ಟು ಒಂದು ಕಪ್ಪು ಡಬ್ಬಿ ಕೂತಿತ್ತು. ಚಕ್ರ ಒಂದು ಸುತ್ತು ಬಂದರೆ ಮೀಟರಿಗೆ ಎರಡು ಎಂದು, ನಿಂತಿದ್ದರೂ ತಿರುಗುತ್ತಿದೆ ಎಂದು ಹೇಳುವುದು ಅದರ ಕಸುಬು. ಡ್ರೈವರಿನ ಮುಖ ಇಳಿದುಹೋಯಿತು. ನಾನು ಗೆದ್ದೆ ಎಂದುಕೊಂಡು ಚೌಕಿಯ ಕಡೆ ತಿರುಗಿದೆ.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಎರಡಕ್ಕೆ ಹತ್ತು ನಿಮಿಷವಿತ್ತು. ನನ್ನ ಅಂಗಿಯ ಜೇಬಿಗೆ ಕೈಹಾಕಿ ವಿಳಾಸದ ಚೀಟಿ ತೆಗೆದುಕೊಂಡಳು. "ನೀವು ಮೀಟರ್ ಹತ್ರ ಇರಿ. ನಾನು ತಂಗಿ ಹತ್ರ ಹೋಗ್ತೀನಿ." ಆ ಊರಿನ ಒಂದು ಅಕ್ಷರ ಬಾರದವಳು, ನನ್ನ ಜೊತೆಗಲ್ಲದೆ ಪಕ್ಕದ ಊರಿಗೂ ಹೋಗದವಳು, ಚೀಟಿಯನ್ನು ದಾರಿಹೋಕರಿಗೆ ತೋರಿಸುತ್ತಾ ಹೋದಳು. ನಾನು ಹಿಂದೆ ಹೋಗಬಹುದಿತ್ತು. ಆದರೆ ಡ್ರೈವರು ಆಗತಾನೇ ರಾಜಿಗೆ ಬರುತ್ತಿದ್ದ, ಪೊಲೀಸನು ರಸೀದಿ ಬರೆಸುತ್ತೇನೆ ಅಂದಿದ್ದ. ಇನ್ನೇನು ಮುಗಿಯಿತು ಎಂದುಕೊಂಡೆ.

ಮುಗಿಯಲು ಅರ್ಧ ಗಂಟೆಯಾಯಿತು. ಸರಿಯಾದ ಬಾಡಿಗೆ ಕೊಟ್ಟೆ, ಕ್ಷಮಾಪಣೆ ಪಡೆದೆ, ರಸೀದಿ ಪಡೆದೆ. ಎರಡು ಪೆಟ್ಟಿಗೆ ಎಳೆದುಕೊಂಡು ಬೆವರು ಸುರಿಸುತ್ತಾ ಆ ಬೀದಿ ತಲುಪಿದಾಗ ಹೆಂಡತಿ ದೊಡ್ಡದೊಂದು ಕಬ್ಬಿಣದ ಗೇಟಿನ ಮುಂದೆ ಒಬ್ಬಳೇ ನಿಂತಿದ್ದಳು. ಗೇಟು ಮುಚ್ಚಿತ್ತು. ದೂರದಿಂದಲೇ ನಾನು ರಸೀದಿ ಎತ್ತಿ ತೋರಿಸಿದೆ. ಇದನ್ನು ಬರೆಯುವಾಗ ನನ್ನ ಮುಖ ಬಿಸಿಯಾಗುತ್ತಿದೆ, ಆದರೂ ಬರೆಯಬೇಕು. ಎತ್ತಿ ತೋರಿಸಿದೆ ಸ್ವಾಮಿ, ಬಹುಮಾನ ಗೆದ್ದ ಹುಡುಗನ ಹಾಗೆ.

"ಸಿಕ್ಕಿದ್ಲಾ?" ಅಂದೆ.

"ಸಿಕ್ಕಿದ್ಲು. ಒಳಗೆ ಹೋಗಿಬಿಟ್ಟಿದ್ಲು. ಗಂಟೆ ಒತ್ತಿದ ಮೇಲೆ ಗೇಟಿನ ತನಕ ಬಂದ್ಲು. ತೆಗೆಯೋ ಹಾಗಿಲ್ವಂತೆ, ಟೈಮ್ ಆಗಿತ್ತಲ್ಲ. ಕಂಬಿಯಿಂದ ಕೈ ಹಿಡ್ಕೊಂಡ್ಲು. ಏಳೆಂಟು ನಿಮಿಷ. ಆಮೇಲೆ ಒಳಗಿಂದ ಕರೆದ್ರು."

"ಏನಂದ್ಲು?"

"ಅಕ್ಕ, ಭಾವ ಎಲ್ಲಿ ಅಂದ್ಲು."

"ನೀನೇನಂದೆ?"

"ಮೀಟರ್ ನೋಡ್ತಾ ಇದ್ದಾರೆ ಅಂದೆ."

ನನ್ನ ಕೈಯ ರಸೀದಿಯ ಕಡೆ ನೋಡಿ ಅವಳೇ, "ಎಷ್ಟು ಉಳೀತು?" ಎಂದು ಕೇಳಿದಳು. ಹೇಳಿದೆ. ಅವಳು ತಲೆಯಾಡಿಸಿದಳು. ಅಂಗಿಗಳನ್ನು ಕಾವಲುಗಾರನ ಕೈಯಲ್ಲಾದರೂ ಒಳಗೆ ಕಳಿಸೋಣ ಎಂದೆ. "ಹೊಲಿದೇ ಇಲ್ಲವಲ್ಲ. ಬರೀ ಕಚ್ಚಾ ಹೊಲಿಗೆ, ಎಳೆದ್ರೆ ಬಿಟ್ಟುಹೋಗುತ್ತೆ" ಅಂದಳು. ವಿಮಾನ ನಿಲ್ದಾಣಕ್ಕೆ ಬಸ್ಸಿನಲ್ಲಿ ವಾಪಸಾದೆವು. ದಾರಿಯಲ್ಲಿ ಕೆಂಪು ಪಟ್ಟೆಯ ಟ್ಯಾಂಕು ಬಂತು. ಒಂದೇ ಇತ್ತು.

ಈಗ ಲೆಕ್ಕ ಸರಿಯಾಗಿ ಹಾಕೋಣ, ಅಳತೆಯವರು ನಾವಿಬ್ಬರೂ. ಹನ್ನೊಂದರಿಂದ ಎರಡು, ಮೂರು ಗಂಟೆ. ಅದರಲ್ಲಿ ನಿಮ್ಮ ಮೀಟರು ತಿಂದದ್ದು ಸುಮಾರು ಒಂದು ಗಂಟೆ. ಉಳಿದ ಎರಡು ಗಂಟೆ ತಿಂದವನು ನಾನು. ಹಾಗಿದ್ದ ಮೇಲೆ ನಿನ್ನ ಮುಖಕ್ಕೆ ನೀನೇ ಪತ್ರ ಬರೆದುಕೋ ಎಂದು ನೀವು ಅನ್ನಬಹುದು. ಬರೆದುಕೊಂಡಿದ್ದೇನೆ. ಆದರೆ ಆ ಎರಡು ಗಂಟೆ ನಾನು ಯಾವುದನ್ನು ಕಾಪಾಡಲು ಹೋರಾಡಿದೆ ಎಂದುಕೊಂಡಿರಿ? ನಿಮ್ಮ ಮಾನವನ್ನು. ಸೀಲು ಹಾಕಿದ ಮೀಟರು ಸುಳ್ಳು ಹೇಳಲಾರದು, ಈ ಡ್ರೈವರೇ ಏನೋ ಕೈಚಳಕ ಮಾಡಿದ್ದಾನೆ, ಪಾಪ ಅಧಿಕಾರಿಗೆ ಗೊತ್ತಿಲ್ಲ, ಅವರ ಹೆಸರು ಕೆಡುತ್ತಿದೆ ಎಂದು ಒದ್ದಾಡಿದೆ. ಕಿರುಬೆರಳು ಕುಣಿಕೆಯಲ್ಲಿ ತೂರಿದ ಮೇಲೆ ಗೊತ್ತಾಯಿತು, ಅಧಿಕಾರಿಗೆ ಗೊತ್ತಿಲ್ಲದೆ ತಂತಿ ಅಷ್ಟು ಸಡಿಲವಾಗಿರುವುದಿಲ್ಲ ಎಂದು.

ನನಗೆ ಅದು ಹೇಗೆ ಗೊತ್ತು ಎಂದು ಕೇಳುತ್ತೀರಾ? ನಾನೂ ಸಡಿಲ ಬಿಟ್ಟಿದ್ದೇನೆ. ಮೂರು ತಿಂಗಳಿಗೊಮ್ಮೆ ಗಡುವು ಮುಗಿಯುವ ದಿನ ನೂರಿಪ್ಪತ್ತು ಗಾಡಿ ಸಾಲು ನಿಲ್ಲುತ್ತಿದ್ದವು. ಗೋದಾಮಿನ ಹಿಂದಿನ ರಸ್ತೆಯಲ್ಲಿ ಒಂದು ಕಿಲೋಮೀಟರು ಅಳೆದು ಎರಡು ತುದಿಗೂ ಸುಣ್ಣ ಹೊಡೆದ ಕಲ್ಲು ನೆಟ್ಟಿದ್ದೆವು. ಪ್ರತಿ ಗಾಡಿಯಲ್ಲೂ ಕೂತು ಕಲ್ಲಿನಿಂದ ಕಲ್ಲಿಗೆ ಹೋಗಿ ಬಂದು ಮೀಟರು ತಾಳೆ ನೋಡಬೇಕು. ಮೊದಲ ಮೂವತ್ತಕ್ಕೆ ಹೋಗುತ್ತಿದ್ದೆ. ಆಮೇಲೆ ಬಿಸಿಲು, ಹಸಿವು, ಮೇಲಿನವರ ಫೋನು. ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಲ್ಲೇ ತಂತಿ ಪೋಣಿಸಿ, ಎಳೆಯಲೂ ಪುರುಸೊತ್ತಿಲ್ಲದೆ ಇಕ್ಕಳ ಒತ್ತುತ್ತಿದ್ದೆ. ಲಂಚ ಮುಟ್ಟಿದವನಲ್ಲ ನಾನು, ಅದನ್ನು ಎದೆ ತಟ್ಟಿ ಹೇಳುತ್ತೇನೆ. ಎದೆ ತಟ್ಟಿ ಹೇಳಿಕೊಳ್ಳಲು ಅದೊಂದು ಇದ್ದದ್ದರಿಂದಲೇ ಉಳಿದದ್ದು ಕಣ್ಣಿಗೆ ಬೀಳಲಿಲ್ಲವೋ ಏನೋ. ಒಮ್ಮೆ ಒಬ್ಬ ನರ್ಸು ಕಚೇರಿಗೆ ಬಂದು, ದಿನಾ ಅದೇ ದಾರಿ, ಈ ಆಟೋದಲ್ಲಿ ಮಾತ್ರ ದುಪ್ಪಟ್ಟು ಆಗುತ್ತದೆ ಸಾರ್ ಅಂದರು. ಆಟೋ ತರಿಸಿ ನೋಡಿದೆ. "ಸೀಲು ಸರಿಯಾಗಿದೆ ಅಮ್ಮಾ" ಎಂದು ಹೇಳಿ ಕಳಿಸಿದೆ. ಸೀಲು ಸುಸ್ಥಿತಿಯಲ್ಲಿರುವುದು ಕಂಡುಬಂದಿರುವುದರಿಂದ ಎಂಬ ನಿಮ್ಮ ವಾಕ್ಯವಿದೆಯಲ್ಲ, ಅದನ್ನು ಅವತ್ತು ಕಡತದಲ್ಲಿ ನಾನೂ ಬರೆದೆ, ಹೆಚ್ಚುಕಡಿಮೆ ಅದೇ ಪದಗಳಲ್ಲಿ. ಆ ನರ್ಸು ಎಲ್ಲಿಗೆ ತಡವಾಗಿ ತಲುಪುತ್ತಿದ್ದರು, ಅಲ್ಲಿ ಅವರಿಗಾಗಿ ಯಾರು ಕಾಯುತ್ತಿದ್ದರು ಎಂದು ನಾನು ಕೇಳಲಿಲ್ಲ.

ಹಾಗಾಗಿ ನಿಮ್ಮ ಬಗ್ಗೆ ನನಗಿರುವ ಸಿಟ್ಟು ಹೊರಗಿನವನ ಸಿಟ್ಟಲ್ಲ. ನಿಮ್ಮ ನೂರಿಪ್ಪತ್ತು ಗಾಡಿಗಳ ಸಾಲು, ನಿಮ್ಮ ಬಿಸಿಲು, ನಿಮ್ಮ ಮೇಲಿನವರ ಫೋನು ಎಲ್ಲವೂ ನನಗೆ ಗೊತ್ತು. ಗೊತ್ತಿದ್ದೂ ಕ್ಷಮಿಸುವುದಿಲ್ಲ. ನಿಲ್ದಾಣದೊಳಗಿನ ಸಣ್ಣ ಕಳ್ಳರು ನಿಮಗಿಂತ ಎಷ್ಟೋ ವಾಸಿ. ಸುಳ್ಳು ಸಮವಸ್ತ್ರದವನನ್ನು, ಮುಷ್ಕರದವನನ್ನು ಗುರುತಿಸಬಹುದು, ಬೆರಳು ಮಾಡಿದರೆ ಹಲ್ಲು ಕಿಸಿದು ಹೋಗುತ್ತಾರೆ. ನುಣುಪು ಕಾಗದದಲ್ಲಿ ಐದು ಭಾಷೆಯಲ್ಲಿ ನಂಬಿ ಎಂದವರನ್ನು ಹೇಗೆ ಗುರುತಿಸುವುದು? ಆ ಕರಪತ್ರ ಇಲ್ಲದಿದ್ದಿದ್ದರೆ ನಾನು ಬಹುಶಃ ಹೆಂಡತಿಯ ಕಣ್ಣನ್ನು ನಂಬುತ್ತಿದ್ದೆ. ಇದು ಪೂರ್ತಿ ನಿಜವಲ್ಲ, ಆದರೂ ಅದರ ಅರ್ಧ ಪಾಲಾದರೂ ನಿಮಗೆ ಸಲ್ಲಬೇಕು.

ಮೊನ್ನೆ ತಂಗಿಯ ಫೋನು ಬಂತು. ಆ ಮುದುಕಿ ತೀರಿಕೊಂಡರಂತೆ. ಮನೆಯವರು ಇವಳನ್ನು ಬೇರೆ ದೇಶದಲ್ಲಿರುವ ನೆಂಟರ ಮನೆಗೆ ಕಳಿಸಿದ್ದಾರೆ. ಅಲ್ಲಿ ಭಾನುವಾರದ ಬಿಡುವೂ ಇಲ್ಲ, ಕರಾರು ಇನ್ನೂ ಆರು ವರ್ಷ. ಫೋನಿಟ್ಟ ಮೇಲೆ ಹೆಂಡತಿ ಮಿಷನ್ನಿನ ಮುಂದೆ ಹೋಗಿ ಕೂತಳು, ಏನೂ ಹೊಲಿಯಲಿಲ್ಲ. ನಾನು ಹತ್ತಿರ ಹೋಗಿ, "ಅವತ್ತು ನೀನು ಹೇಳಿದ್ದೇ ಸರಿ, ನನ್ನದೇ ತಪ್ಪು" ಅಂದೆ. ಇದನ್ನು ನಾನು ಹೇಳುತ್ತಿರುವುದು ಎಷ್ಟನೆಯ ಸಲವೋ. ಅವಳು ಪ್ರತಿ ಸಲ ಹೇಳುವ ಎರಡು ಪದವನ್ನೇ ಹೇಳಿದಳು: "ಆಯ್ತು ಬಿಡಿ." ಜಗಳವಾಡಿದರೆ ತಡೆದುಕೊಳ್ಳಬಲ್ಲೆ. ಈ ಎರಡು ಪದ ತಡೆಯುವುದಕ್ಕೆ ಆಗುತ್ತಿಲ್ಲ.

ಈಗ ನನ್ನ ಬೇಡಿಕೆ. ದುಡ್ಡು ಬೇಡ, ಅದನ್ನು ನಾನು ಆಗಲೇ ಉಳಿಸಿಕೊಂಡಿದ್ದೇನೆ. ಕ್ಷಮಾಪಣೆಯೂ ಬೇಡ. ಒಂದು ಭಾನುವಾರ ಬೆಳಿಗ್ಗೆ ನೀವು ಕಚೇರಿಯ ಕಾರು ಬಿಟ್ಟು, ಗುರುತಿನ ಚೀಟಿ ಮನೆಯಲ್ಲಿಟ್ಟು, ಕೈಯಲ್ಲೊಂದು ಪೆಟ್ಟಿಗೆ ಹಿಡಿದು ಹೊಸಬರ ಹಾಗೆ ಆ ಸಾಲಿನಲ್ಲಿ ನಿಲ್ಲಿ. ಬಿಳಿ ಕಾರಿನ ಸಂಖ್ಯೆ ನನ್ನ ಮೊದಲೆರಡು ಪತ್ರಗಳಲ್ಲಿದೆ. ಅದರಲ್ಲಿ ಕೂತು, ಸರಿಯಾಗಿ ಅಳೆದ ಒಂದು ಕಿಲೋಮೀಟರು ಓಡಿಸಿ. ಬಿಲ್ಲೆಯನ್ನು ನೋಡಬೇಡಿ, ಕುಣಿಕೆಯಲ್ಲಿ ನಿಮ್ಮ ಬೆರಳು ಹಾಕಿ ನೋಡಿ. ನಂತರ ಆ ಸಾಲಿನ ಪ್ರತಿ ಕಾರಿಗೂ ಹಾಗೆಯೇ ಮಾಡಿ. ಅದು ಮುಗಿಯುವ ತನಕ ಕರಪತ್ರದಿಂದ ಐದನೆಯ ಸೂಚನೆಯನ್ನು ತೆಗೆದುಹಾಕಿ.

ಪರೀಕ್ಷೆಯ ಫಲಿತಾಂಶವನ್ನು ಕಚೇರಿಯ ಕಾಗದದ ಮೇಲೆ, ಮೊಹರು ಹಾಕಿ, ಎರಡೇ ಸಾಲಿನಲ್ಲಿ ಬರೆದು ಕಳಿಸಿ: ಸದರಿ ದಿನದಂದು ಸದರಿ ಮೀಟರು ಸುಳ್ಳು ತೋರಿಸಿತು, ಹಿಂದಿನ ಸೀಟಿನಲ್ಲಿ ಕುಳಿತಿದ್ದ ಮಹಿಳೆ ನಾಲ್ಕು ಬಾರಿ ಹೇಳಿದ್ದೂ ಸರಿಯಾಗಿತ್ತು. ನನ್ನ ಬಾಯಿಂದ ಬಂದದ್ದಕ್ಕೆ ಅವಳಲ್ಲಿ ಬೆಲೆ ಉಳಿದಿಲ್ಲ, ಸರ್ಕಾರದ ಬಾಯಿಂದಲಾದರೂ ಬರಲಿ. ಲಕೋಟೆಯನ್ನು ಅವಳ ಹೆಸರಿಗೇ ಕಳಿಸಿ, ನನ್ನ ಹೆಸರಿಗೆ ಬೇಡ. ನನ್ನ ಹೆಸರಿಗೆ ಬಂದರೆ ನಾನೇ ಒಡೆದು ಓದಿ, ಅದರ ಅರ್ಥ ಏನೆಂದು ಅವಳಿಗೆ ವಿವರಿಸಲು ಹೊರಡುತ್ತೇನೆ.

ಇಂತಿ,
ನಿಮ್ಮಂತೆಯೇ ಸಡಿಲ ಬಿಟ್ಟ,
ತೂಕ ಮತ್ತು ಅಳತೆ ಇಲಾಖೆಯ ಒಬ್ಬ ನಿವೃತ್ತ ನಿರೀಕ್ಷಕ